ಮಳೆ ಶುರುವಾಗೋ ಮೊದಲು ಊರಿನ ವಾಟ್ಸಾಪ್ ಗ್ರೂಪ್ ಸರಿಮಾಡಿಕೊಳ್ಳಿ: ಕೊಡಗಿನವರಿಗೊಂದು ಮಾರ್ಗದರ್ಶಿ

ಜುಲೈ ತಿಂಗಳು. ಎರಡು ದಿನದಿಂದ ಕರೆಂಟ್ ಇಲ್ಲ. ಟವರಿನ ಬ್ಯಾಟರಿಯೂ ಖಾಲಿ. ಮೂರನೇ ದಿನ ಬೆಳಿಗ್ಗೆ ನೆಟ್‌ವರ್ಕ್ ಬರುತ್ತದೆ, ಬಂದ ಕೂಡಲೇ ಫೋನ್ ಒಂದೇ ಸಮನೆ ಬಡಿದುಕೊಳ್ಳುತ್ತದೆ. ಹಾರಂಗಿ ಡ್ಯಾಂ ಗೇಟ್ ತೆಗೆದರಂತೆ. ಸಂಪಾಜೆ ಕಡೆ ರಸ್ತೆ ಬಂದ್ ಅಂತೆ. ನಾಳೆ ಶಾಲೆಗೆ ರಜೆಯಂತೆ. ನಡುವೆ ಯಾರೋ ಗಾಬರಿಯಿಂದ ಮಲಯಾಳದಲ್ಲಿ ಮಾತಾಡಿದ ವಾಯ್ಸ್ ನೋಟ್. ಇದರಲ್ಲಿ ಇವತ್ತಿನದು ಯಾವುದು, ಮೊನ್ನೆಯದು ಯಾವುದು, ಹೋದ ವರ್ಷದ್ದು ಯಾವುದು? ಗೊತ್ತಾಗುವುದಿಲ್ಲ. ಆದರೂ ಕೈ ಸುಮ್ನಿರುವುದಿಲ್ಲ, ನಾಲ್ಕು ಗ್ರೂಪಿಗೆ ಹೋಗಿಯೇ ಬಿಡುತ್ತದೆ.

ಇದಕ್ಕೆ ಪರಿಹಾರ ಅಂತ ನಾವು ಸಾಮಾನ್ಯವಾಗಿ ಮಾಡೋದು ಏನು? ಜಾಗೃತಿ ಕಾರ್ಯಕ್ರಮ. ಒಂದು ಬ್ಯಾನರ್, ದೀಪ ಬೆಳಗಿಸುವುದು, ಮುಖ್ಯ ಅತಿಥಿಗಳ ಭಾಷಣ, ಕಾಫಿ, ಗ್ರೂಪ್ ಫೋಟೋ. ಮುಗಿಯಿತು. ಆ ಫೋಟೋ ಹಾಕಿದ ಗ್ರೂಪಿನಲ್ಲೇ ಅದೇ ಸಂಜೆ ಇನ್ನೊಂದು ಸುಳ್ಳು ಸುದ್ದಿ ಬಂದಿರುತ್ತದೆ. ನನ್ನ ಪ್ರಕಾರ ಭಾಷಣದಿಂದ ಇದು ಆಗುವ ಕೆಲಸವೇ ಅಲ್ಲ. ಒಂದು ಊರು, ಒಂದು ಗ್ರೂಪ್, ಒಂದು ಮಳೆಗಾಲ ಅಂತ ಚಿಕ್ಕದಾಗಿ ಹಿಡಿದುಕೊಂಡು, ಫೋನ್ ಮಾಡಿ ಕೇಳುವ ಅಭ್ಯಾಸ ಬೆಳೆಸಬೇಕು. ಅದನ್ನು ಹೇಗೆ ಮಾಡೋದು ಅಂತ ಮುಂದೆ ಬರೆದಿದ್ದೇನೆ. ಏಪ್ರಿಲ್ ಕೊನೆಗೆ ಶುರು ಮಾಡಿದರೆ ಜೂನ್ ಹೊತ್ತಿಗೆ ಒಂದು ರೂಪಕ್ಕೆ ಬರುತ್ತದೆ.

ಮೊದಲು ಜನ ಹುಡುಕಿ, ಹೆಸರಿಡೋದು ಆಮೇಲೆ

ಟ್ರಸ್ಟ್, ಸಂಘ, ಲೆಟರ್‌ಹೆಡ್ ಯಾವುದೂ ಬೇಡ. ಐದಾರು ಜನ ಸಾಕು. ಆದರೆ ಆ ಐದಾರು ಜನ ಯಾರು ಅನ್ನೋದು ಮುಖ್ಯ. ಓದಿದವರು, ಇಂಗ್ಲಿಷ್ ಬಲ್ಲವರು ಅಂತ ಆರಿಸಬೇಡಿ. ಊರೆಲ್ಲ ಓಡಾಡುವವರನ್ನು ಆರಿಸಿ. ಆಶಾ ಕಾರ್ಯಕರ್ತೆ, ಜೀಪ್ ಅಥವಾ ಆಟೋ ಓಡಿಸುವವರು, ತೋಟದ ಲೆಕ್ಕ ಬರೆಯುವ ರೈಟರ್, ಹೈಸ್ಕೂಲಿನ ಒಬ್ಬ ಮೇಷ್ಟ್ರು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ನೋಡಿಕೊಳ್ಳುವವರು, ಬಸ್ ಸ್ಟಾಪಿನ ಪಕ್ಕದ ಅಂಗಡಿಯವರು. ಅರಿವು ಕೇಂದ್ರ ಅಂದರೆ ನಮ್ಮ ಹಳೇ ಪಂಚಾಯಿತಿ ಲೈಬ್ರರಿಯೇ. ಸೇರಲು ಜಾಗವೂ ಆಯಿತು, ಎಷ್ಟೋ ಕಡೆ ಕಂಪ್ಯೂಟರೂ ಇದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ನಮ್ಮಲ್ಲಿ ಒಂದೇ ಊರಿನಲ್ಲಿ ಕೊಡವ ತಕ್ಕ್ ಗ್ರೂಪ್ ಬೇರೆ, ಅರೆಭಾಷೆ ಗ್ರೂಪ್ ಬೇರೆ, ಮಲಯಾಳ ಮಾತಾಡುವವರದು ಬೇರೆ, ತುಳುವಿನವರದು ಬೇರೆ. ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಇರುವ ಅಸ್ಸಾಮಿನ ಹುಡುಗರ ಗ್ರೂಪಿನಲ್ಲಿ ಏನು ಓಡುತ್ತಿದೆ ಅಂತ ಊರಿನವರಿಗೆ ಗೊತ್ತೇ ಇರುವುದಿಲ್ಲ. ವದಂತಿಗೆ ಈ ಗೋಡೆಗಳಿಲ್ಲ, ಅದು ಎಲ್ಲಿಂದ ಎಲ್ಲಿಗೆ ಬೇಕಾದರೂ ದಾಟುತ್ತದೆ. ಸರಿಯಾದ ಮಾಹಿತಿ ಮಾತ್ರ ಕನ್ನಡದ ಗ್ರೂಪಿನಲ್ಲೇ ಕೂತಿರುತ್ತದೆ. ಹಾಗಾಗಿ ನಿಮ್ಮ ಐದಾರು ಜನರಲ್ಲಿ ಒಬ್ಬರಿಗಾದರೂ ಚೆನ್ನಾಗಿ ಮಲಯಾಳ ಬರಬೇಕು, ಒಬ್ಬರಿಗೆ ಹಿಂದಿ ಬರಬೇಕು. ಲೈನ್ ಮನೆಯಿಂದಲೇ ಒಬ್ಬರು ಬಂದರೆ ಇನ್ನೂ ಒಳ್ಳೆಯದು.

ಮೊದಲ ಸಭೆಯಲ್ಲಿ ಪಾಠ ಮಾಡಬೇಡಿ, ಕೇಳಿ

ಎಲ್ಲರಿಗೂ ಒಂದೇ ಮಾತು ಹೇಳಿ: "ಕಳೆದ ತಿಂಗಳು ನಿಮ್ಮ ಫೋನಿಗೆ ಬಂದ ಫಾರ್ವರ್ಡ್‌ಗಳಲ್ಲಿ ಅನುಮಾನ ಬಂದದ್ದನ್ನ ತನ್ನಿ." ಸುಮ್ನೆ ಒಂದು ಸಂಜೆ ಕೂತು ಅವನ್ನು ವಿಂಗಡಿಸಿ. ಮಳೆ ಮತ್ತು ರಸ್ತೆ, ದುಡ್ಡು, ಆರೋಗ್ಯ, ಜಾತಿ ಧರ್ಮ, ಆನೆ ಹುಲಿ. ಹೌದು, ಆನೆ ಹುಲಿಗೆ ಕೊಡಗಿನಲ್ಲಿ ಬೇರೆಯೇ ಗುಂಪು ಬೇಕು. ಬೇರೆ ಯಾವುದೋ ರಾಜ್ಯದ ಆನೆ ವಿಡಿಯೋ ಪೊನ್ನಂಪೇಟೆಯದು, ಸಿದ್ದಾಪುರದ್ದು ಅಂತ ಓಡಾಡುವುದು ಹೊಸದೇನಲ್ಲ.

ಯಾರು ಕಳಿಸಿದ್ದು ಅಂತ ಹೆಸರು ಹಿಡಿಯಬೇಡಿ. ಊರಿನ ಹಿರಿಯರೊಬ್ಬರು ಕಳಿಸಿದ ಸುದ್ದಿಯನ್ನು ಎಲ್ಲರ ಮುಂದೆ ಸುಳ್ಳು ಅಂತ ಎತ್ತಿ ತೋರಿಸಿದರೆ ಅವರು ಇನ್ನೊಮ್ಮೆ ಬರುವುದಿಲ್ಲ, ಅವರ ಮನೆಯವರೂ ಬರುವುದಿಲ್ಲ. ಗ್ರೂಪಿನಲ್ಲೂ ಅಷ್ಟೇ. "ಇದು ಫೇಕ್" ಅಂತ ಕೆಳಗೆ ಹಾಕಿ ನಾಲ್ಕು ನಗುವ ಮುಖ ಅಂಟಿಸುವುದು ಕಿರಿಯರಿಗೆ ಮಜಾ ಕೊಡಬಹುದು, ಕೆಲಸ ಕೆಡುತ್ತದೆ. ಬೇರೆಯಾಗಿ ಫೋನ್ ಮಾಡಿ. "ಮಾವ, ಆ ರಸ್ತೆ ವಿಷಯ ನಾನು ವಿಚಾರಿಸಿದೆ, ಅದು ಹೋದ ವರ್ಷದ್ದಂತೆ, ನೀವೇ ಒಂದು ಸಾಲು ಹಾಕಿಬಿಡಿ" ಅಂದರೆ ಅವರೇ ಹಾಕುತ್ತಾರೆ. ಹಿರಿಯರು ಹಾಕಿದ ತಿದ್ದುಪಡಿಯನ್ನು ಊರು ನಂಬುವಷ್ಟು ನಿಮ್ಮ ತಿದ್ದುಪಡಿಯನ್ನು ನಂಬುವುದಿಲ್ಲ, ಅದು ಬೇರೆ ಮಾತು.

ಕೇಳಿ ಹೇಳುವವರ ಪಟ್ಟಿ

ಇಡೀ ಕೆಲಸದ ಬೆನ್ನೆಲುಬು ಇದೇ. ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಜಾಗಗಳನ್ನು ಬರೆಯಿರಿ: ಊರಿನ ಸೇತುವೆ, ಮೋರಿ, ಮಣ್ಣಿನ ಬರೆ ಜರಿಯುವ ತಿರುವು, ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ. ಬಲಕ್ಕೆ, ಆ ಜಾಗವನ್ನು ಕಿಟಕಿಯಿಂದಲೋ ಅಂಗಳದಿಂದಲೋ ನೋಡಬಹುದಾದ ಒಬ್ಬರ ಹೆಸರು ಮತ್ತು ನಂಬರ್, ಅವರ ಒಪ್ಪಿಗೆ ಪಡೆದು. ಸೇತುವೆ ಮುಳುಗಿದೆ ಅಂತ ಸುದ್ದಿ ಬಂದರೆ ಸೇತುವೆ ಪಕ್ಕದ ಮನೆಗೆ ಫೋನ್ ಹೋಗಬೇಕು. ಮೊದಲು ಅದು. ಆಮೇಲೆ ಉಳಿದದ್ದು.

ಅದರ ಕೆಳಗೆ ಕಚೇರಿಗಳು: ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ತಾಲ್ಲೂಕು ಕಚೇರಿ, ಹತ್ತಿರದ ಪೊಲೀಸ್ ಠಾಣೆ, ಅರಣ್ಯ ಇಲಾಖೆಯ ವಲಯ ಕಚೇರಿ. ಆಮೇಲೆ ಎಲ್ಲರಿಗೂ ಬೇಕಾಗುವ ನಂಬರ್‌ಗಳು: ತುರ್ತಿಗೆ 112, ಜಿಲ್ಲಾ ವಿಪತ್ತು ಕಂಟ್ರೋಲ್ ರೂಮಿಗೆ 1077, ಕರೆಂಟಿಗೆ 1912, ಮಕ್ಕಳ ಸಹಾಯವಾಣಿ 1098, ಆನ್‌ಲೈನ್ ಮೋಸಕ್ಕೆ 1930. ಈ ಹಾಳೆಯನ್ನು ಫೋಟೋ ತೆಗೆದು ಗ್ರೂಪಿಗೆ ಹಾಕಿದರೆ ಸಾಲದು. ಚಾರ್ಜ್ ಇಲ್ಲದ ಫೋನಿನಲ್ಲಿರುವ ನಂಬರ್‌ನಿಂದ ಏನುಪಯೋಗ? ಪ್ರಿಂಟ್ ತೆಗೆದು, ಪ್ಲಾಸ್ಟಿಕ್ ಕವರಿಗೆ ಹಾಕಿ, ಅಂಗಡಿ, ಶಾಲೆ, ಹಾಲಿನ ಡೈರಿ, ಲೈನ್ ಮನೆಯ ಗೋಡೆಗೆ ಅಂಟಿಸಿ. ಖಾಸಗಿ ಮನೆಗಳ ನಂಬರ್ ಮಾತ್ರ ಗೋಡೆಯ ಪ್ರತಿಯಲ್ಲಿ ಬೇಡ, ಅದು ತಂಡದವರ ಹತ್ತಿರ ಇರಲಿ.

ಸುದ್ದಿಯೊಳಗೇ ದಿನ, ಹೊತ್ತು, ಜಾಗ ಬರೆಯಿರಿ

ಫಾರ್ವರ್ಡ್ ಮಾಡಿದ ಸುದ್ದಿಗೆ ಹುಟ್ಟಿದ ದಿನ ಅಂಟಿಕೊಂಡು ಬರುವುದಿಲ್ಲ. ನಿಮಗೆ ಕಾಣುವುದು ನಿಮಗೆ ಕಳಿಸಿದವರು ಕಳಿಸಿದ ಹೊತ್ತು ಮಾತ್ರ. ಅದಕ್ಕೇ ಹಳೇದೆಲ್ಲ ಹೊಸದಾಗಿ ಕಾಣುವುದು. ಆದ್ದರಿಂದ ನಿಮ್ಮ ಗ್ರೂಪಿಗೆ ಒಂದೇ ಒಂದು ಕಟ್ಟುನಿಟ್ಟಿನ ನಿಯಮ ಇರಲಿ: ಮಳೆ, ರಸ್ತೆ, ಕರೆಂಟ್, ಕಾಡುಪ್ರಾಣಿ ವಿಷಯ ಹಾಕುವುದಾದರೆ ಹೀಗೆಯೇ ಹಾಕಬೇಕು.

"ಆಗಸ್ಟ್ 6, ಬೆಳಿಗ್ಗೆ 7.20. ಶಾಲೆ ಹತ್ತಿರದ ಮೋರಿ. ನೀರು ರಸ್ತೆ ಮೇಲೆ ಹರಿಯುತ್ತಿದೆ, ಬೈಕ್ ಹೋಗುವುದಿಲ್ಲ, ಜೀಪ್ ಹೋಗುತ್ತಿದೆ. ನಾನೇ ನೋಡಿದ್ದು. ಆಚೆ ಕಡೆಯ ತಿರುವಿನ ವಿಷಯ ಗೊತ್ತಿಲ್ಲ. ಮತ್ತೆ 9 ಗಂಟೆಗೆ ಹಾಕುತ್ತೇನೆ."

ಇಷ್ಟೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೆದಿರುವ ಆ ಒಂದು ಸಾಲು ನೋಡಿ, ಆ ಸಾಲು ಇಲ್ಲದಿದ್ದರೆ ಓದಿದವರು ಉಳಿದದ್ದನ್ನು ತಾವೇ ತುಂಬಿಕೊಳ್ಳುತ್ತಾರೆ, ಒಂದು ಮೋರಿಯ ನೀರು ಮಧ್ಯಾಹ್ನದ ಹೊತ್ತಿಗೆ ಊರೇ ಮುಳುಗಿದ ಸುದ್ದಿಯಾಗಿ ಬೆಂಗಳೂರಿನಲ್ಲಿರುವ ಮಕ್ಕಳಿಗೆ ತಲುಪಿ ಅವರು ಅಳುತ್ತ ಫೋನ್ ಮಾಡುತ್ತಾರೆ. ನೀರು ಇಳಿದ ಮೇಲೂ ಒಂದು ಸಾಲು ಹಾಕಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ. ರಸ್ತೆ ಬಂದ್ ಆದ ಸುದ್ದಿ ಹತ್ತು ಜನ ಹಾಕುತ್ತಾರೆ, ತೆರೆದದ್ದನ್ನು ಒಬ್ಬರೂ ಹಾಕುವುದಿಲ್ಲ.

ಗ್ರೂಪಿನ ವ್ಯವಸ್ಥೆಯನ್ನೂ ಸ್ವಲ್ಪ ಬದಲಿಸಿ. ಎರಡು ಗ್ರೂಪ್ ಮಾಡಿ. ಒಂದರಲ್ಲಿ ಅಡ್ಮಿನ್‌ಗಳು ಮಾತ್ರ ಹಾಕುವಂತೆ ಸೆಟ್ಟಿಂಗ್ ಮಾಡಿ, ಖಚಿತವಾದದ್ದು ಮಾತ್ರ ಅಲ್ಲಿಗೆ. ಇನ್ನೊಂದರಲ್ಲಿ ಮಾತು, ಪ್ರಶ್ನೆ, ಗುಡ್ ಮಾರ್ನಿಂಗ್ ಎಲ್ಲ ಇರಲಿ. ಬೇರೆಯವರು ಹಾಕಿದ ತಪ್ಪು ಸುದ್ದಿಯನ್ನು ಅಡ್ಮಿನ್ ಎಲ್ಲರ ಫೋನಿನಿಂದಲೂ ಅಳಿಸಬಹುದು. "ಅಡ್ಮಿನ್ ಆದರೆ ಪೊಲೀಸ್ ಕೇಸ್ ಆಗುತ್ತದೆ" ಅಂತ ಹೆದರಿ ಹಿಂದೆ ಸರಿಯುವವರು ತುಂಬ ಜನ. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಆಗಿರುವ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ತಾವೇ ಹಾಕಿದರೆ, ಜೊತೆಗೂಡಿ ಹಬ್ಬಿಸಿದರೆ ಅದು ಬೇರೆ ವಿಷಯ.

ಇನ್ನು ಅಲರ್ಟ್‌ನ ಬಣ್ಣ. ರೆಡ್ ಅಲರ್ಟ್ ಅಂದ ಕೂಡಲೇ ಗುಡ್ಡ ಕುಸಿಯಿತು ಅಂತ ಅರ್ಥವಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಭಾರಿ ಮಳೆ, 204.4 ಮಿ.ಮೀ.ವರೆಗೆ ಅತಿ ಭಾರಿ, ಅದಕ್ಕಿಂತ ಜಾಸ್ತಿಯಾದರೆ ಅತ್ಯಂತ ಭಾರಿ. ಸಾಮಾನ್ಯವಾಗಿ ಯೆಲ್ಲೋ, ಆರೆಂಜ್, ರೆಡ್ ಇದೇ ಕ್ರಮದಲ್ಲಿ ಬರುತ್ತವೆ. ನಮ್ಮ ತೋಟದವರಿಗೆ ಮಿಲಿಮೀಟರ್ ತಲೆಗೆ ಹತ್ತುವುದಿಲ್ಲ, ಮಳೆ ಮಾಪನ ಇಟ್ಟುಕೊಂಡು ಇಂಚು ಸೆಂಟ್ಸ್‌ನಲ್ಲಿ ಬರೆಯುವವರು ಅವರು. ಅವರಿಗೆ ಹೀಗೆ ಹೇಳಿ: ಎರಡೂವರೆ ಇಂಚು ದಾಟಿದರೆ ಯೆಲ್ಲೋ, ನಾಲ್ಕೂವರೆ ದಾಟಿದರೆ ಆರೆಂಜ್, ಎಂಟು ಇಂಚು ದಾಟುವ ಹಾಗಿದ್ದರೆ ರೆಡ್. ತಕ್ಷಣ ಅರ್ಥವಾಗುತ್ತದೆ.

ಫೋಟೋ, ವಿಡಿಯೋ ನೋಡುವ ಅಭ್ಯಾಸ

ಇದಕ್ಕೆ ಒಂದು ಭಾನುವಾರ ಮಧ್ಯಾಹ್ನ ಇಡಿ. ಹೈಸ್ಕೂಲ್ ಮಕ್ಕಳನ್ನು ಕರೆಯಿರಿ, ಅವರ ಜೊತೆ ಅಜ್ಜಿಯೋ ಅಪ್ಪನೋ ಬರಲೇಬೇಕು ಅಂತ ಷರತ್ತು ಹಾಕಿ. ಮಕ್ಕಳು ಫೋನ್ ಹಿಡಿಯುತ್ತಾರೆ, ಹಿರಿಯರು ಜಾಗ ಗುರುತಿಸುತ್ತಾರೆ. ಎರಡೂ ಬೇಕು.

"ಮಡಿಕೇರಿ ಮಂಗಳೂರು ರಸ್ತೆಯಲ್ಲಿ ಈಗಷ್ಟೇ ಭೂಕುಸಿತ" ಅಂತ ಒಂದು ವಿಡಿಯೋ ಬಂದಿದೆ ಅಂದುಕೊಳ್ಳಿ. ಮೊದಲು ಸೌಂಡ್ ಆಫ್ ಮಾಡಿ ನೋಡಿ, ಯಾಕೆಂದರೆ ಕಿರುಚಾಟ ಕೇಳಿದರೆ ಕಣ್ಣು ಕೆಲಸ ಮಾಡುವುದಿಲ್ಲ. ನಿಂತ ವಾಹನಗಳ ನಂಬರ್ ಪ್ಲೇಟ್ ನೋಡಿ. ಒಂದಾದರೂ ಮಡಿಕೇರಿಯ ಕೆಎ 12 ಇದೆಯಾ, ಪುತ್ತೂರಿನ ಕೆಎ 21, ಮಂಗಳೂರಿನ ಕೆಎ 19 ಇದೆಯಾ? ಎಲ್ಲವೂ ಎಚ್‌ಪಿ, ಯುಕೆ ಅಂತ ಇದ್ದರೆ ಅದು ಹಿಮಾಲಯದ ಕಡೆಯದು. ಮೈಲಿಗಲ್ಲು ಕಂಡರೆ ತಲೆಯ ಬಣ್ಣ ನೋಡಿ: ರಾಷ್ಟ್ರೀಯ ಹೆದ್ದಾರಿಗೆ ಹಳದಿ, ರಾಜ್ಯ ಹೆದ್ದಾರಿಗೆ ಹಸಿರು. ಸಂಪಾಜೆ ರಸ್ತೆ 275ನೇ ರಾಷ್ಟ್ರೀಯ ಹೆದ್ದಾರಿ, ಅಲ್ಲಿ ಹಸಿರು ತಲೆಯ ಕಲ್ಲು ಯಾಕಿರುತ್ತದೆ? ಗುಡ್ಡದ ಮೇಲೆ ಏನು ಬೆಳೆದಿದೆ ನೋಡಿ. ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಇದ್ದರೆ ನಮ್ಮ ಕಡೆಯದಿರಬಹುದು. ಇಡೀ ಗುಡ್ಡ ಒಪ್ಪವಾಗಿ ಕತ್ತರಿಸಿದ ಟೀ ತೋಟವಾಗಿದ್ದರೆ ವಯನಾಡೋ ಮುನ್ನಾರೋ ಇರಬೇಕು. ಈ ಭಾಗದಲ್ಲಿ ಹಿರಿಯರು ಮಕ್ಕಳನ್ನು ಹಿಂದೆ ಹಾಕುತ್ತಾರೆ. "ಇದು ನಮ್ಮ ಮಣ್ಣಿನ ಬಣ್ಣವೇ ಅಲ್ಲ" ಅಂತ ಒಬ್ಬರು ಅಂದರೆ ಅದನ್ನು ತಳ್ಳಿಹಾಕಬೇಡಿ. ಇವು ಯಾವುವೂ ಒಂದೊಂದಾಗಿ ಸಾಕ್ಷಿಯಲ್ಲ, ಎರಡು ಮೂರು ಸೇರಿದರೆ ದಾರಿ ಗೊತ್ತಾಗುತ್ತದೆ.

ಆಮೇಲೆ ಸೌಂಡ್ ಹಾಕಿ. ಜನ ಯಾವ ಭಾಷೆಯಲ್ಲಿ ಕೂಗುತ್ತಿದ್ದಾರೆ? ಕೊನೆಗೆ ಗೂಗಲ್ ಲೆನ್ಸ್. ಫೋಟೋ ಆದರೆ ಗ್ಯಾಲರಿಗೆ ಸೇವ್ ಮಾಡಿ, ಗೂಗಲ್ ಆ್ಯಪಿನ ಕ್ಯಾಮೆರಾ ಗುರುತು ಒತ್ತಿ, ಆ ಫೋಟೋ ಕೊಡಿ. ವಿಡಿಯೋ ಆದರೆ ಮೂರು ನಾಲ್ಕು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಒಂದೊಂದನ್ನೇ ಹುಡುಕಿ. ಎರಡು ವರ್ಷ ಹಿಂದಿನ ದಿನಾಂಕದಲ್ಲಿ ಅದೇ ಚಿತ್ರ ಸಿಕ್ಕರೆ ಕಥೆ ಮುಗಿಯಿತು. ಏನೂ ಸಿಗದಿದ್ದರೆ ಅದು ನಿಜ ಅಂತ ಅಲ್ಲ, ಹೊಸದಿರಬಹುದು ಅಂತ ಅಷ್ಟೇ. ಆಗ ಮತ್ತೆ ಪಟ್ಟಿ ನೋಡಿ ಆ ಜಾಗದವರಿಗೆ ಫೋನ್. ದೇಶಮಟ್ಟದ ಸುದ್ದಿಯಾದರೆ ಸುದ್ದಿ ನಿಜವೋ ಸುಳ್ಳೋ ಪರಿಶೀಲಿಸುವ ಆಲ್ಟ್ ನ್ಯೂಸ್, ಬೂಮ್, ಕನ್ನಡದಲ್ಲೂ ಬರೆಯುವ ನ್ಯೂಸ್‌ಚೆಕರ್ ನೋಡಿ. ಕೇಂದ್ರ ಸರ್ಕಾರದ ಯೋಜನೆ ಹೆಸರಿನಲ್ಲಿ ಬಂದದ್ದಕ್ಕೆ ಪಿಐಬಿ ಫ್ಯಾಕ್ಟ್ ಚೆಕ್ ಇದೆ. ನಮ್ಮ ಊರಿನ ಮೋರಿಯ ವಿಷಯ ಅವರ್ಯಾರೂ ನೋಡುವುದಿಲ್ಲ, ಅದು ನಮ್ಮದೇ ಕೆಲಸ.

ವಾಟ್ಸಾಪ್‌ನಲ್ಲಿ ಎರಡು ಬಾಣದ ಗುರುತು ಕಂಡರೆ ಅದು ಹಲವು ಕೈ ದಾಟಿ ಬಂದದ್ದು. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಆಗುವುದು. ಜನ ಅದಕ್ಕೂ ಉಪಾಯ ಕಂಡುಕೊಂಡಿದ್ದಾರೆ, ಕಾಪಿ ಮಾಡಿ ಪೇಸ್ಟ್ ಮಾಡುತ್ತಾರೆ, ಬಾಣ ಮಾಯ.

ರಜೆ ಆದೇಶದ ವಿಷಯಕ್ಕೆ ಬರೋಣ, ಮಳೆಗಾಲದ ದೊಡ್ಡ ತಮಾಷೆ ಅದು. ಹಳೇ ಆದೇಶದ ಪಿಡಿಎಫ್ ತೆಗೆದುಕೊಂಡು ದಿನಾಂಕ ಮಾತ್ರ ಬದಲಿಸಿ ಬಿಡುತ್ತಾರೆ. ಮಕ್ಕಳಿಗೇ ಪತ್ತೆ ಮಾಡಲು ಕೊಡಿ, ಖುಷಿಯಿಂದ ಮಾಡುತ್ತಾರೆ. ದಿನಾಂಕದ ಅಕ್ಷರ ಉಳಿದ ಅಕ್ಷರದ ಹಾಗೇ ಇದೆಯಾ, ಆ ದಿನಾಂಕಕ್ಕೆ ಬರೆದಿರುವ ವಾರ ಕ್ಯಾಲೆಂಡರಿನಲ್ಲಿ ಹೊಂದುತ್ತದಾ, ಮೇಲಿನ ದಿನಾಂಕಕ್ಕೂ ಸಹಿಯ ಹತ್ತಿರದ ದಿನಾಂಕಕ್ಕೂ ತಾಳೆ ಇದೆಯಾ. ತಾಲ್ಲೂಕುಗಳನ್ನು ಎಣಿಸಿ. ಈಗ ಜಿಲ್ಲೆಯಲ್ಲಿ ಐದು ತಾಲ್ಲೂಕು. ಇಡೀ ಜಿಲ್ಲೆಗೆ ರಜೆ ಅಂತ ಹೇಳಿ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಮೂರೇ ಹೆಸರಿದ್ದರೆ, ಕುಶಾಲನಗರ, ಪೊನ್ನಂಪೇಟೆ ತಾಲ್ಲೂಕು ಆಗುವ ಮುಂಚಿನ ಕಾಗದ ಅದು. ಕೊನೆಯ ಮಾತು ಶಾಲೆಯ ಮೇಷ್ಟ್ರದ್ದೇ. ನಿಜವಾದ ರಜೆಯನ್ನು ಸುಳ್ಳು ಅಂದುಕೊಂಡು ಮಗುವನ್ನು ಮಳೆಯಲ್ಲಿ ಕಳಿಸುವುದೂ ಅಪಾಯವೇ ಅಲ್ವಾ, ಹಾಗಾಗಿ ಅವರಿಗೊಂದು ಫೋನ್ ಮಾಡಿ.

ದುಡ್ಡಿನ ಮೋಸ: ಕೊಡಗಿಗೇ ಹೊಲಿದ ಹಾಗಿರುವುದು

ಹೋಂಸ್ಟೇ ನಡೆಸುವವರು ಇದನ್ನು ಎರಡು ಸಲ ಓದಿ. ಒಂದು ಕರೆ ಬರುತ್ತದೆ. ಹಿಂದಿಯಲ್ಲಿ, ಬಹಳ ಗೌರವದಿಂದ. ತಾನು ಆರ್ಮಿಯವನು, ಆಫೀಸರ್‌ಗಳ ಕುಟುಂಬಕ್ಕೆ ಮೂರು ದಿನ ರೂಮ್ ಬೇಕು ಅನ್ನುತ್ತಾನೆ. ಯೂನಿಫಾರ್ಮ್‌ನ ಫೋಟೋ, ಐಡಿ ಕಾರ್ಡ್, ಕ್ಯಾಂಟೀನ್ ಕಾರ್ಡ್ ಎಲ್ಲ ಕಳಿಸುತ್ತಾನೆ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ ನಮ್ಮದು, ಎಷ್ಟೋ ಮನೆಗಳಲ್ಲಿ ಸೇನೆಯಿಂದ ನಿವೃತ್ತರಾದವರು ಇದ್ದಾರೆ, ಯೂನಿಫಾರ್ಮ್ ಕಂಡರೆ ಅನುಮಾನ ಪಡುವುದೇ ತಪ್ಪು ಅನ್ನಿಸುತ್ತದೆ. ಅವನಿಗೆ ಬೇಕಿರುವುದೂ ಅದೇ. ಆಮೇಲೆ "ಆರ್ಮಿ ಪೇಮೆಂಟ್ ಬೇರೆ ಥರ, ನೀವು ಮೊದಲು ಒಂದು ರೂಪಾಯಿ ಕಳಿಸಿ, ನಾನು ವಾಪಸ್ ಮಾಡುತ್ತೇನೆ" ಅನ್ನುತ್ತಾನೆ, ವಾಪಸ್ ಮಾಡುತ್ತಾನೆ ಕೂಡ. ನಂಬಿಕೆ ಬಂತು. ಮುಂದೆ ಒಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ಅಡ್ವಾನ್ಸ್ ನಿಮ್ಮ ಖಾತೆಗೆ ಬೀಳುತ್ತದೆ ಅನ್ನುತ್ತಾನೆ. ಪಿನ್ ಹಾಕಿದ ಕೂಡಲೇ ದುಡ್ಡು ನಿಮ್ಮ ಖಾತೆಯಿಂದ ಹೋಗುತ್ತದೆ.

ದುಡ್ಡು ಬರಬೇಕಾದರೆ ಸ್ಕ್ಯಾನ್ ಮಾಡುವುದೂ ಬೇಡ, ಪಿನ್ ಹಾಕುವುದೂ ಬೇಡ. ಯುಪಿಐ ಪಿನ್ ಬೇಕಾಗುವುದು ದುಡ್ಡು ಕೊಡುವಾಗ, ಪಡೆಯುವಾಗ ಅಲ್ಲ. ಈ ಒಂದು ಮಾತನ್ನು ಕನ್ನಡ, ಕೊಡವ, ಮಲಯಾಳ, ಹಿಂದಿಯಲ್ಲಿ ಪೋಸ್ಟರ್ ಮಾಡಿ. ಊರಿನಲ್ಲಿ ನಿವೃತ್ತ ಸುಬೇದಾರ್ ಯಾರಾದರೂ ಇದ್ದರೆ ಅವರನ್ನು ತಂಡಕ್ಕೆ ಸೇರಿಸಿಕೊಳ್ಳಿ. ಆ ಕರೆಯನ್ನು ಅವರಿಗೆ ಕೊಟ್ಟು, ಯಾವ ಯೂನಿಟ್, ಎಲ್ಲಿ ಪೋಸ್ಟಿಂಗ್ ಅಂತ ಅವರ ಧಾಟಿಯಲ್ಲಿ ಕೇಳಿಸಿದರೆ ಆ ಕಡೆಯವನು ಜಾಸ್ತಿ ಹೊತ್ತು ಲೈನಿನಲ್ಲಿ ಇರುವುದಿಲ್ಲ.

ಇದರ ತಿರುಗು ಮೋಸವೂ ಇದೆ. ನಿಮ್ಮ ಹೋಂಸ್ಟೇ ಫೋಟೋ ಕದ್ದು ಬೇರೆ ನಂಬರ್ ಹಾಕಿ ಪ್ರವಾಸಿಗರಿಂದ ಅಡ್ವಾನ್ಸ್ ತಿನ್ನುವುದು. ಆಗಾಗ ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಜಾಗವನ್ನು ನೀವೇ ಹುಡುಕಿ, ಅಲ್ಲಿರುವ ನಂಬರ್ ನಿಮ್ಮದೇನಾ ನೋಡಿ. ಬೇರೆಯವರು ತಿದ್ದಲು ಸೂಚಿಸುವ ಅವಕಾಶ ಅದರಲ್ಲಿ ಇದೆ.

ಉಳಿದವು ಎಲ್ಲ ಕಡೆಯಂತೆಯೇ. ಮದುವೆ ಕಾಗದ, ಪಿಎಂ ಕಿಸಾನ್, ಟ್ರಾಫಿಕ್ ದಂಡ ಅಂತ ಬರುವ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಒತ್ತಬಾರದು, ಮದುವೆ ಕಾಗದ ಆ್ಯಪ್ ಆಗಿ ಬರುವುದಿಲ್ಲ. "ರಾತ್ರಿ ನಿಮ್ಮ ಕರೆಂಟ್ ಕಟ್ ಮಾಡುತ್ತೇವೆ, ಈ ನಂಬರ್‌ಗೆ ಕರೆ ಮಾಡಿ" ಅಂತ ಬಂದರೆ ಆ ನಂಬರ್ ಬಿಟ್ಟು ನಮ್ಮ ಕರೆಂಟ್ ಕಂಪನಿ ಸೆಸ್ಕ್‌ನ 1912ಕ್ಕೆ ಮಾಡಿ. ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ಕಾನೂನಿನಲ್ಲೇ ಇಲ್ಲ, ವಿಡಿಯೋ ಕಾಲ್‌ನಲ್ಲಿ ಯಾವ ಪೊಲೀಸರೂ ಬಂಧಿಸುವುದಿಲ್ಲ. ಮಕ್ಕಳೆಲ್ಲ ಹೊರಗೆ ಕೆಲಸದಲ್ಲಿದ್ದು ದೊಡ್ಡ ಮನೆಯಲ್ಲಿ ಇಬ್ಬರೇ ಇರುವ ಹಿರಿಯರಿಗೆ ಇದನ್ನು ಮನೆಗೇ ಹೋಗಿ ಹೇಳಿ, ಅವರು ಸಭೆಗೆ ಬರುವುದಿಲ್ಲ.

ದುಡ್ಡು ಹೋಗಿಬಿಟ್ಟರೆ? ನಾಚಿಕೆ ಪಡುತ್ತ ಕೂರಬಾರದು. ತಕ್ಷಣ 1930. ಬ್ಯಾಂಕ್ ಹೆಸರು, ಹೋದ ಮೊತ್ತ, ಹೊತ್ತು, ವಹಿವಾಟಿನ ನಂಬರ್ ಕೈಯಲ್ಲಿ ಇಟ್ಟುಕೊಂಡು ಮಾಡಿ. ಬೇಗ ಹೇಳಿದಷ್ಟೂ ಆ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಜೊತೆಗೆ ಬ್ಯಾಂಕಿಗೂ ಹೇಳಿ, ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ಹಾಕಿ. ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಇಂಥ ಪ್ರಕರಣಗಳಿಗೇ ಇರುವುದು.

ಮಕ್ಕಳ ವಿಷಯ

ಪಕ್ಕದ ಕಣ್ಣೂರು ಜಿಲ್ಲೆಯಲ್ಲಿ 2018ರಲ್ಲಿ 'ಸತ್ಯಮೇವ ಜಯತೇ' ಅನ್ನುವ ಹೆಸರಿನಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ಪಾಠ ಮಾಡಿಸಿದರು. ಅದಕ್ಕೆ ಮುಂಚೆ ಅಲ್ಲಿ ದಡಾರ ರುಬೆಲ್ಲಾ ಲಸಿಕೆಯ ಬಗ್ಗೆ ವದಂತಿ ಹಬ್ಬಿ ಎಷ್ಟೋ ತಂದೆತಾಯಿ ಲಸಿಕೆ ಬೇಡ ಅಂದಿದ್ದರು. ಮಾಕುಟ್ಟ ದಾಟಿದರೆ ಆ ಜಿಲ್ಲೆ. ಅವರು ಮಾಡಿದ್ದನ್ನು ನಾವು ಮಾಡಲು ಏನು ಅಡ್ಡಿ? ಶಾಲೆಯಲ್ಲಿ ವಾರಕ್ಕೆ ಒಂದು ಪೀರಿಯಡ್ ಕೇಳಿ, ಕೊಟ್ಟರೆ ಅಷ್ಟು ಸಾಕು.

ಆದರೆ ಹದಿಹರೆಯದವರಿಗೆ ಸುದ್ದಿಗಿಂತ ದೊಡ್ಡ ತೊಂದರೆ ಫೋಟೋದ ಬೆದರಿಕೆ. ಯಾರಾದರೂ ಖಾಸಗಿ ಫೋಟೋ ಇಟ್ಟುಕೊಂಡು ಹೆದರಿಸುತ್ತಿದ್ದರೆ ದುಡ್ಡು ಕೊಡಬಾರದು, ಚಾಟ್ ಅಳಿಸಬಾರದು, ಸ್ಕ್ರೀನ್‌ಶಾಟ್ ಇಟ್ಟುಕೊಂಡು ನಂಬುವ ದೊಡ್ಡವರೊಬ್ಬರಿಗೆ ಹೇಳಬೇಕು. 1098 ಇದೆ. 18 ವರ್ಷದೊಳಗಿನವರ ಫೋಟೋ ಆನ್‌ಲೈನ್‌ನಲ್ಲಿ ಹರಡದಂತೆ ತಡೆಯಲು ಟೇಕ್ ಇಟ್ ಡೌನ್, ದೊಡ್ಡವರಿಗೆ ಸ್ಟಾಪ್ ಎನ್‌ಸಿಐಐ ಅನ್ನುವ ಉಚಿತ ಸೇವೆಗಳಿವೆ, ಅಲ್ಲಿ ಫೋಟೋವನ್ನೇ ಕಳಿಸಬೇಕಿಲ್ಲ. ಇದನ್ನು ಹುಡುಗಿಯರಿಗೆ ಒಬ್ಬ ಅಕ್ಕ, ಹುಡುಗರಿಗೆ ಒಬ್ಬ ಅಣ್ಣ ಹೇಳಲಿ. ಹುಡುಗರೂ ಈ ಬಲೆಗೆ ಬೀಳುತ್ತಾರೆ, ಅವರು ಬಾಯಿ ಬಿಡುವುದು ಇನ್ನೂ ಕಷ್ಟ. ತಂದೆತಾಯಿಗೆ ಹೇಳುವ ಮಾತು ಒಂದೇ: ಮಗು ಬಂದು ಹೇಳಿದ ದಿನ ಫೋನ್ ಕಸಿದುಕೊಳ್ಳಬೇಡಿ. ಹಾಗೆ ಮಾಡಿದರೆ ಮುಂದಿನ ಸಲ ಹೇಳುವುದೇ ಇಲ್ಲ.

ಊರಿನಿಂದ ಸುದ್ದಿ ಬರೆಯುವವರು

ಈಗ ಪ್ರತಿ ಹೋಬಳಿಗೂ ಒಂದು ಯೂಟ್ಯೂಬ್ ಚಾನೆಲ್, ಒಂದು ಫೇಸ್‌ಬುಕ್ ಪೇಜ್ ಇದೆ. ಅವರನ್ನು ದೂರ ಇಡಬೇಡಿ, ಕರೆದು ಕೂರಿಸಿಕೊಳ್ಳಿ. ಮಡಿಕೇರಿಯ ಪತ್ರಿಕೆಗಳಿಗೆ ಬರೆಯುವ ಅನುಭವಿ ವರದಿಗಾರರೊಬ್ಬರನ್ನು ಒಂದು ಸಂಜೆಗೆ ಕರೆದರೆ ಬರುತ್ತಾರೆ. ಅವರ ಹತ್ತಿರ ನೀತಿಪಾಠ ಹೇಳಿಸಬೇಡಿ, ಒಂದು ನಿಜವಾದ ಸುದ್ದಿಯನ್ನು ಹೇಗೆ ಬರೆದರು, ಯಾರನ್ನು ಕೇಳಿದರು, ಏನನ್ನು ಬಿಟ್ಟರು ಅಂತ ಹೇಳಿಸಿ.

ಏನನ್ನು ಬಿಡಬೇಕು ಅನ್ನುವುದೇ ಕಷ್ಟದ ಭಾಗ. ಕೆಲವನ್ನು ಕಾನೂನೇ ಹೇಳಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ಫೋಟೋ, ಮನೆ, ಶಾಲೆ, ಗುರುತು ಸಿಗುವ ಯಾವುದನ್ನೂ ಹಾಕುವಂತಿಲ್ಲ. ಸಣ್ಣ ಊರಿನಲ್ಲಿ ಹೆಸರು ಹೇಳದೆ "ಇಂಥ ತೋಟದ ಲೈನ್ ಮನೆಯ ಎಂಟನೇ ಕ್ಲಾಸಿನ ಹುಡುಗಿ" ಅಂದರೂ ಹೆಸರು ಹೇಳಿದ ಹಾಗೆಯೇ. ಆತ್ಮಹತ್ಯೆಯ ಸುದ್ದಿಯಲ್ಲಿ ಹೇಗೆ ಮಾಡಿಕೊಂಡರು ಅನ್ನುವ ವಿವರ ಬೇಡ, ಚೀಟಿಯ ಫೋಟೋ ಬೇಡ, ಕೆಳಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಾಕಿ.

ಇನ್ನು ಕಾನೂನು ಹೇಳದವು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡ ಜರಿದು ಮನೆ ಮಠ ಕಳೆದುಕೊಂಡವರು ಈಗಲೂ ನಮ್ಮ ನಡುವೆ ಇದ್ದಾರೆ. ಪ್ರತಿ ಮಳೆಗಾಲದಲ್ಲೂ ಆ ಹಳೇ ವಿಡಿಯೋಗೆ ಹೊಸ ಮ್ಯೂಸಿಕ್ ಹಾಕಿ ಬಿಡುವವರು, ಅದನ್ನು ಅವರೂ ನೋಡುತ್ತಾರೆ ಅಂತ ಯೋಚಿಸುವುದಿಲ್ಲ. ಪರಿಹಾರ ಕೇಂದ್ರದಲ್ಲಿ ಊಟದ ಸಾಲಿನಲ್ಲಿ ನಿಂತವರ ಮುಖ ತೋರಿಸುವ ಮೊದಲು ಕೇಳಿ. ಮನೆಯವರಿಗೆ ಸುದ್ದಿ ತಲುಪುವ ಮೊದಲು ತೀರಿಕೊಂಡವರ ಹೆಸರು ಹಾಕಬೇಡಿ. ಜರಿದ ಗುಡ್ಡದ ಲೊಕೇಶನ್ ಹಾಕಿದರೆ ಮರುದಿನ ನೋಡಲು ಕಾರುಗಳು ಬರುತ್ತವೆ, ಜೆಸಿಬಿಗೆ ದಾರಿ ಇರುವುದಿಲ್ಲ. ಆನೆ ನಿಂತ ತೋಟದ ಲೈವ್ ಹಾಕಿದರೂ ಅದೇ ಕಥೆ. ಅಕ್ಕಪಕ್ಕದವರಿಗೆ, ಅರಣ್ಯ ಇಲಾಖೆಯವರಿಗೆ ಹೇಳಿ, ಊರಿಗೆಲ್ಲ ಜಾತ್ರೆ ಮಾಡಬೇಡಿ. ಸಹಾಯ ಬೇಕು ಅಂತ ಹಾಕಿದರೆ ಯಾವತ್ತಿನವರೆಗೆ ಬೇಕು ಅಂತಲೂ ಹಾಕಿ. ಇಲ್ಲದಿದ್ದರೆ ಒಂದು ತಿಂಗಳಾದ ಮೇಲೂ ಹಳೇ ಬಟ್ಟೆಯ ಮೂಟೆ ಬರುತ್ತಲೇ ಇರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಸ್ವಲ್ಪವೂ ಸಡಿಲ ಬಿಡಬಾರದು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುದ್ದಿ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇದೇ ವದಂತಿಯಿಂದ ಜನ ಸೇರಿ ಹೊಡೆದು ಅಮಾಯಕರನ್ನು ಕೊಂದರು. ನಮ್ಮಲ್ಲಿ ಭಾಷೆ ಬಾರದ, ಪರಿಚಯವಿಲ್ಲದ ಕೂಲಿಯವರು ದಿನಾ ರಸ್ತೆಯಲ್ಲಿ ನಡೆದು ಹೋಗುತ್ತಾರೆ. ಅವರ ಫೋಟೋ ತೆಗೆದು "ಹುಷಾರ್" ಅಂತ ಗ್ರೂಪಿಗೆ ಯಾರಾದರೂ ಹಾಕಿದರೆ ಅಡ್ಮಿನ್ ಯಾರನ್ನೂ ಕೇಳದೆ ಅಳಿಸಬೇಕು, ಹಾಕಿದವರಿಗೆ ಫೋನ್ ಮಾಡಬೇಕು, ನಿಜವಾಗಿ ಅನುಮಾನ ಇದ್ದರೆ 112ಕ್ಕೆ ತಿಳಿಸಬೇಕು. ಚರ್ಚೆ ಆಮೇಲೆ. ಇದನ್ನು ಮೊದಲ ಸಭೆಯಲ್ಲೇ ಎಲ್ಲರೂ ಒಪ್ಪಿಕೊಂಡಿರಬೇಕು, ಸುದ್ದಿ ಬಂದ ರಾತ್ರಿ ಒಪ್ಪಿಸಲು ಹೋದರೆ ಆಗುವುದಿಲ್ಲ.

ಫೋನೇ ಇಲ್ಲದ ದಿನಕ್ಕೆ

ನೆಟ್‌ವರ್ಕ್ ಹೋದಾಗ ಈ ಇಡೀ ವ್ಯವಸ್ಥೆ ನಿಲ್ಲಬಾರದು. ಅಂಗಡಿಯ ಮುಂದೆ ಒಂದು ಕರಿಹಲಗೆ ಇಡಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಹೊತ್ತು ಹಾಕಿ ಬರೆಯಲಿ, ಹಳೇದನ್ನು ಒರೆಸಲಿ. ಸೆಲ್ ಹಾಕುವ ರೇಡಿಯೋ ಇನ್ನೂ ಇರುವ ಮನೆ ಯಾವುದು ಅಂತ ಗುರುತು ಮಾಡಿಕೊಳ್ಳಿ, ಮಡಿಕೇರಿ ಆಕಾಶವಾಣಿಯಲ್ಲಿ ಬಂದ ಸೂಚನೆ ಅವರ ಮೂಲಕ ಹಲಗೆಗೆ ಬರಲಿ. ಯಾವ ಬೋರೆಯ ಮೇಲೆ ಸಿಗ್ನಲ್ ಸಿಗುತ್ತದೆ ಅಂತ ಊರಿಗೆಲ್ಲ ಗೊತ್ತಿರುತ್ತದೆ, ಆದರೆ ಎಲ್ಲರೂ ಅಲ್ಲಿಗೆ ಹತ್ತುವುದು ಬೇಡ, ದಿನಕ್ಕೆ ಒಬ್ಬರು ಹೋಗಿ ಪಟ್ಟಿಯಲ್ಲಿರುವವರಿಗೆ ಫೋನ್ ಮಾಡಿ ಬರಲಿ.

ಮಳೆ ಮುಗಿದು ಕಾವೇರಿ ಸಂಕ್ರಮಣ ಕಳೆದ ಮೇಲೆ ಒಂದು ದಿನ ಸೇರಿ. ಯಾವ ಸುದ್ದಿ ತಪ್ಪಿತು, ಯಾರು ಫೋನ್ ಎತ್ತಲಿಲ್ಲ ಅಂತ ನೋಡಿ. ಅಧಿಕಾರಿಗಳಿಗೆ ವರ್ಗ ಆಗಿರುತ್ತದೆ, ನಂಬರ್ ಬದಲಾಗಿರುತ್ತದೆ, ಸೇತುವೆ ಪಕ್ಕದ ಮನೆಯವರು ಮಗನ ಹತ್ತಿರ ಮೈಸೂರಿಗೆ ಹೋಗಿರುತ್ತಾರೆ. ಗೋಡೆಯ ಹಳೇ ಹಾಳೆ ಕಿತ್ತು ಹೊಸದನ್ನು ಅಂಟಿಸಿ, ಕೆಳಗೆ ದಿನಾಂಕ ಹಾಕಿ.